ತೆರಿಗೆಗೆ ಉಂಟು, ರಕ್ಷಣೆಗೆ ಇಲ್ಲ

2025ರ ಅಕ್ಟೋಬರ್ 6ರಂದು ಒಂದು ಬಿಟ್‌ಕಾಯಿನ್ ಬೆಲೆ 1,26,000 ಡಾಲರ್ ದಾಟಿತು. ರೂಪಾಯಿಯಲ್ಲಿ ಹೇಳುವುದಾದರೆ ಒಂದು ಕೋಟಿ ಹತ್ತು ಲಕ್ಷಕ್ಕೂ ಮೇಲೆ. ಅದಾದ ನಾಲ್ಕೇ ದಿನಕ್ಕೆ ಅಮೆರಿಕದ ಅಧ್ಯಕ್ಷ ಟ್ರಂಪ್ ಚೀನಾದ ಸರಕಿನ ಮೇಲೆ ಹೆಚ್ಚುವರಿಯಾಗಿ ಶೇ 100ರಷ್ಟು ಸುಂಕ ಹೇರುವ ಬೆದರಿಕೆ ಹಾಕಿದರು. ಸಾಲದ ಬಲದ ಮೇಲೆ ಕ್ರಿಪ್ಟೊ ವ್ಯವಹಾರಕ್ಕಿಳಿದಿದ್ದವರ 1,900 ಕೋಟಿ ಡಾಲರಿಗೂ ಹೆಚ್ಚಿನ ಬಾಜಿಗಳು ಒಂದೇ ದಿನದಲ್ಲಿ ಬಲವಂತವಾಗಿ ಮುಗಿದುಹೋದವು. ನವೆಂಬರ್ 21ರ ಹೊತ್ತಿಗೆ ಬೆಲೆ 82 ಸಾವಿರ ಡಾಲರಿಗಿಂತ ಕೆಳಗಿಳಿಯಿತು. ಏಳು ವಾರದೊಳಗೆ ಮೂರನೇ ಒಂದು ಪಾಲು ಇಲ್ಲವಾಯಿತು.

ಮುಂಬೈಯ ಸಿಎಸ್‌ಎಂಟಿ ರೈಲು ನಿಲ್ದಾಣದಿಂದ 64 ಕಿಲೋಮೀಟರ್ ದೂರದ ಟಿಟ್ವಾಳಾಕ್ಕೂ ಈ ಸುದ್ದಿಗೂ ಏನು ಸಂಬಂಧ ಎಂದು ಕೇಳಬಹುದು. ಮಹಾಗಣಪತಿ ದೇವಸ್ಥಾನಕ್ಕೆ ಹೆಸರಾದ ಈ ಊರು ಇಂದು ಡೊಂಬಿವಲಿ, ಕಲ್ಯಾಣದಲ್ಲೂ ಮನೆ ಕೊಳ್ಳಲಾಗದವರ ಊರು. ಫೋರ್ಟ್, ಮಾಟುಂಗಾ ಕಡೆ ಹೋಟೆಲು, ಕ್ಯಾಂಟೀನು, ಆಫೀಸುಗಳಲ್ಲಿ ದುಡಿದ ತಲೆಮಾರು ಠಾಣೆಗೆ, ಅಲ್ಲಿಂದ ಡೊಂಬಿವಲಿಗೆ, ಈಗ ಇನ್ನೂ ಆಚೆಗೆ ಸರಿಯುತ್ತಾ ಬಂದಿದೆ. ಅವರಲ್ಲಿ ಉಡುಪಿ, ದಕ್ಷಿಣ ಕನ್ನಡದಿಂದ ಬಂದ ಕುಟುಂಬಗಳು ಬಹಳ. ಮನೆ ಸಾಲದ ಕಂತು, ಮಕ್ಕಳ ಕಾಲೇಜು ಫೀಸು, ಊರಿನಲ್ಲಿರುವ ತಂದೆತಾಯಿಯ ಔಷಧಿ ಎಲ್ಲ ಕಳೆದು ಉಳಿದ ಎರಡು, ಮೂರು ಸಾವಿರವನ್ನು ಎಲ್ಲಿಡಬೇಕೆನ್ನುವುದು ಇಂಥ ಮನೆಗಳ ತಿಂಗಳ ಪ್ರಶ್ನೆ. ಹಳಬರು ಎಫ್‌ಡಿ, ಚೀಟಿ, ಎಲ್‌ಐಸಿ ಎನ್ನುತ್ತಾರೆ. ಮಗನ ಫೋನಿನಲ್ಲಿ ನೂರು ರೂಪಾಯಿಯಿಂದ ಶುರುವಾಗುವ ಕ್ರಿಪ್ಟೊ ಎಸ್‌ಐಪಿ ಇರುತ್ತದೆ.

ಬೆಲೆ ಬಿದ್ದಾಗ ಈ ಎರಡು ತಲೆಮಾರು ಎದುರುಬದುರಾಗುತ್ತವೆ. "ಹೋಲ್ಡ್ ಮಾಡುವಾ, ಪುನಃ ಮೇಲೆ ಬರ್ತದೆ" ಎನ್ನುವುದು ಮಗನ ಮಾತು. "ಹೋದದ್ದು ಹೋಯ್ತು, ಇದ್ದದ್ದನ್ನಾದರೂ ತೆಗಿ" ಎನ್ನುವುದು ಅಪ್ಪನ ಮಾತು. ಇಬ್ಬರ ಜಗಳವೂ ಬೆಲೆಯ ಸುತ್ತಲೇ ಸುತ್ತುತ್ತದೆ. ಬೆಲೆ ಏರಲಿ, ಇಳಿಯಲಿ, ಈ ದುಡ್ಡು ಯಾರ ಕೈಯಲ್ಲಿದೆ, ಅದು ಕಳೆದರೆ ಯಾರು ಉತ್ತರ ಕೊಡುತ್ತಾರೆ ಎಂಬ ಪ್ರಶ್ನೆ ಇಬ್ಬರ ಬಾಯಲ್ಲೂ ಬರುವುದಿಲ್ಲ. ಆದರೆ ಟಿಟ್ವಾಳಾದಂಥ ಊರಿನ ಮನೆಗಳಿಗೆ ಮುಖ್ಯವಾದದ್ದು ಇದೇ. ಭಾರತ ಸರ್ಕಾರ ಇದಕ್ಕೆ ಇನ್ನೂ ಉತ್ತರ ಕೊಟ್ಟಿಲ್ಲ.

ಮಗನ ನಂಬಿಕೆಗೆ ಆಧಾರವೇ ಇಲ್ಲ ಎನ್ನುವಂತಿಲ್ಲ. 2017ರ ಡಿಸೆಂಬರಿನಲ್ಲಿ 20 ಸಾವಿರ ಡಾಲರಿನ ಹತ್ತಿರ ಹೋಗಿದ್ದ ಬಿಟ್‌ಕಾಯಿನ್ ಒಂದು ವರ್ಷದಲ್ಲಿ ಸುಮಾರು 3,200ಕ್ಕೆ ಬಂದಿತ್ತು. 2021ರ ನವೆಂಬರಿನಲ್ಲಿ 69 ಸಾವಿರ ತಲುಪಿ, ಮರುವರ್ಷ ಎಫ್‌ಟಿಎಕ್ಸ್ ಎಕ್ಸ್‌ಚೇಂಜ್ ದಿವಾಳಿಯಾದಾಗ 16 ಸಾವಿರದ ಕೆಳಗೂ ಇಣುಕಿತ್ತು. ಎರಡೂ ಸಲ "ಮುಗಿಯಿತು" ಎಂದು ಬರೆದವರ ಮಾತು ಸುಳ್ಳಾಯಿತು. 2021ರ ತುತ್ತತುದಿಯಲ್ಲಿ ಕೊಂಡವನೂ 2024ರ ಮಾರ್ಚ್‌ವರೆಗೆ ಕಾದಿದ್ದರೆ ಅಸಲು ಮರಳಿ ಬಂತು.

ಆದರೆ ಈ ಕತೆ ಬಿಟ್‌ಕಾಯಿನ್‌ನದು. ಸಣ್ಣ ಹೂಡಿಕೆದಾರರು ಅದೊಂದನ್ನೇ ಕೊಂಡವರಲ್ಲ. ಲಕ್ಷಗಟ್ಟಲೆ ಬೆಲೆಯ ನಾಣ್ಯದ ಚೂರಿಗಿಂತ ಪೈಸೆಗೆ ಸಿಗುವ ಶಿಬಾ ಇನು, ಕೆಲವು ರೂಪಾಯಿಗೆ ಸಿಗುವ ಡೋಜ್‌ಕಾಯಿನ್ ಸಾವಿರಾರು ಸಿಕ್ಕರೆ ಹೆಚ್ಚು ಲಾಭವೆಂದು ತೋರಿದ್ದು ಸಹಜ. ಈ ಎರಡೂ 2021ರಲ್ಲಿ ಮುಟ್ಟಿದ ಎತ್ತರವನ್ನು ನಾಲ್ಕು ವರ್ಷ ಕಳೆದರೂ ಮತ್ತೆ ಕಂಡಿಲ್ಲ. 2022ರ ಮೇ ಮೊದಲ ವಾರದಲ್ಲಿ 80 ಡಾಲರಿನ ಆಸುಪಾಸಿನಲ್ಲಿದ್ದ ಲೂನಾ ಎಂಬ ನಾಣ್ಯ ಕೆಲವೇ ದಿನಗಳಲ್ಲಿ ಒಂದು ಸೆಂಟಿನ ಭಾಗಾಂಶಕ್ಕೆ ಬಿತ್ತು. ಅದನ್ನು ಹೋಲ್ಡ್ ಮಾಡಿದವರಿಗೆ ತಾಳ್ಮೆ ಏನನ್ನೂ ಕೊಡಲಿಲ್ಲ. ಬೆಲೆ ಇಳಿದಾಗಲೆಲ್ಲ "ಡಿಪ್‌ನಲ್ಲಿ ತಗೊಂಡು ಆವರೇಜ್ ಮಾಡು" ಎಂಬ ಸಲಹೆ ಯೂಟ್ಯೂಬಿನಲ್ಲಿ ಹರಿದಾಡುತ್ತದೆ. ಷೇರಿಗಾದರೆ ಹಿಂದೊಂದು ಕಂಪನಿ, ಅದರ ಲಾಭನಷ್ಟದ ಲೆಕ್ಕ ಇರುತ್ತದೆ. ಶಿಬಾ ಇನು ಅಗ್ಗವಾಗಿದೆಯೋ ತುಟ್ಟಿಯಾಗಿದೆಯೋ ಎಂದು ಅಳೆಯಲು ನಾಳೆ ಬೇರೊಬ್ಬ ಕೊಡಬಹುದಾದ ಬೆಲೆಯ ಹೊರತು ಬೇರೆ ಅಳತೆಯಿಲ್ಲ. ಅಸಲೇ ಕರಗಿದ ಮನೆಯಲ್ಲಿ ಆವರೇಜ್ ಮಾಡುವುದೆಂದರೆ ಕಳೆದುಕೊಂಡದ್ದರ ಹಿಂದೆ ಇನ್ನಷ್ಟು ದುಡ್ಡು ಕಳಿಸುವುದು.

ಈ ರೈಲುದಾರಿಯ ಜನರಿಗೆ ದುಡ್ಡು ಮುಳುಗಿದ ಅನುಭವ ಕಡಿಮೆಯೇನಲ್ಲ. 2018ರ ಜೂನಿನಲ್ಲಿ ಠಾಣೆ ಪೊಲೀಸರು ಎಂಟಿಸಿ ಎಂಬ ಹುಸಿ ಕ್ರಿಪ್ಟೊ ನಾಣ್ಯದ ಜಾಲವನ್ನು ಬಯಲು ಮಾಡಿದರು. 2019ರ ಅಕ್ಟೋಬರಿನಲ್ಲಿ, ದೀಪಾವಳಿ ಹೊತ್ತಿಗೇ, ಗುಡ್‌ವಿನ್ ಜ್ಯುವೆಲರ್ಸ್ ಡೊಂಬಿವಲಿ, ಠಾಣೆಯ ಅಂಗಡಿಗಳ ಬಾಗಿಲು ಮುಚ್ಚಿತು. ಚಿನ್ನದ ಕಂತು ಕಟ್ಟಿದ್ದ ಗೃಹಿಣಿಯರು ಪೊಲೀಸ್ ಠಾಣೆಯ ಮುಂದೆ ಸಾಲು ನಿಂತರು. 2025ರ ಜನವರಿ 6ರಂದು ಟೊರೆಸ್ ಆಭರಣ ಮಳಿಗೆಗಳ ಮುಂದೆ ಅದೇ ನೋಟ. ದಾದರ್ ಒಂದೇ ಅಲ್ಲ, ಕಲ್ಯಾಣದಲ್ಲೂ ನವಿ ಮುಂಬೈಯಲ್ಲೂ ಅದರ ಶೋರೂಮುಗಳಿದ್ದವು. ಮೊಯ್ಸನೈಟ್ ಎಂಬ ಹೊಳೆಯುವ ಕಲ್ಲು ಕೊಂಡವರಿಗೆ ವಾರವಾರ ಬಡ್ಡಿಯಂತೆ ಹಣ ಕೊಡುವ ಆಮಿಷ ಅದರದು. ಮೋಸ ಹೋದವರಲ್ಲಿ ತರಕಾರಿ ಮಾರುವವರೂ ಇದ್ದರು. ಸಂಗ್ರಹವಾದ ಹಣದಲ್ಲಿ ಒಂದು ಪಾಲು ಕ್ರಿಪ್ಟೊ ರೂಪ ತಾಳಿ ದೇಶದಾಚೆ ಹೋಯಿತೆಂದು ತನಿಖೆ ನಡೆಸಿದವರು ಹೇಳಿದ್ದಾರೆ.

ಟೊರೆಸ್‌ನಂಥ ವಂಚನೆಯನ್ನೂ ಬಿಟ್‌ಕಾಯಿನ್ ಕೊಳ್ಳುವುದನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಬಿಟ್‌ಕಾಯಿನ್‌ನ ಲೆಕ್ಕಪುಸ್ತಕ 2009ರ ಜನವರಿಯಿಂದ ಎಲ್ಲರೆದುರು ತೆರೆದಿದೆ. ಅದರ ಸಂಖ್ಯೆ 2 ಕೋಟಿ 10 ಲಕ್ಷ ಮೀರದು. ಬಿಟ್‌ಕಾಯಿನ್ ತಾನಾಗಿ ಬಡ್ಡಿಯ ಭರವಸೆ ಕೊಡುವುದಿಲ್ಲ. ಮೋಸಕ್ಕೆ ಜಾಗ ಸಿಗುವುದು ನಾಣ್ಯಕ್ಕೂ ಕೊಳ್ಳುವವನಿಗೂ ನಡುವೆ ನಿಂತ ಅಂಗಡಿಯಲ್ಲಿ, ಅಂದರೆ ಎಕ್ಸ್‌ಚೇಂಜಿನಲ್ಲಿ. ಹೆಚ್ಚಿನ ಭಾರತೀಯರ ನಾಣ್ಯಗಳಿರುವುದು ಅಲ್ಲೇ. ಅವುಗಳ ಕೀಲಿಕೈ ಮಾಲೀಕರ ಬಳಿ ಇರುವುದಿಲ್ಲ.

ಮುಂಬೈಯ ವಜೀರ್‌ಎಕ್ಸ್ ಪ್ರಕರಣವನ್ನು ತುಸು ವಿವರವಾಗಿ ನೋಡಬೇಕು. ಒಂದು ಕಾಲಕ್ಕೆ ಅದು ದೇಶದ ಅತಿ ದೊಡ್ಡ ಕ್ರಿಪ್ಟೊ ಎಕ್ಸ್‌ಚೇಂಜ್. 2024ರ ಜುಲೈ 18ರಂದು ಅದರ ಒಂದು ವ್ಯಾಲೆಟ್‌ನಿಂದ 23 ಕೋಟಿ ಡಾಲರಿಗೂ ಹೆಚ್ಚು, ಸುಮಾರು ಎರಡು ಸಾವಿರ ಕೋಟಿ ರೂಪಾಯಿಯ ನಾಣ್ಯಗಳು ಕಳವಾದವು. ಗ್ರಾಹಕರ ಆಸ್ತಿಯಲ್ಲಿ ಅದು ಅರ್ಧಕ್ಕೆ ಸಮೀಪ. ಮರುವರ್ಷ ಜನವರಿಯಲ್ಲಿ ಅಮೆರಿಕ, ಜಪಾನ್, ದಕ್ಷಿಣ ಕೊರಿಯಾ ಸರ್ಕಾರಗಳು ಒಟ್ಟಾಗಿ ಇದು ಉತ್ತರ ಕೊರಿಯಾದ ಹ್ಯಾಕರ್‌ಗಳ ಕೆಲಸ ಎಂದವು. ಕಳವಾದ ಮೇಲೆ ಎಲ್ಲರ ಖಾತೆಗಳಿಗೂ ಬೀಗ ಬಿತ್ತು. ಪರಿಹಾರದ ವಿಚಾರಣೆ ಮುಂಬೈಯಲ್ಲೂ ನಡೆಯಲಿಲ್ಲ, ದಿಲ್ಲಿಯಲ್ಲೂ ನಡೆಯಲಿಲ್ಲ. ಮೂಲ ಕಂಪನಿ ಸಿಂಗಪುರದ್ದಾದ್ದರಿಂದ ಅಲ್ಲಿನ ಹೈಕೋರ್ಟಿನಲ್ಲಿ ನಡೆಯಿತು. ರೂಪಾಯಿ ಕೊಟ್ಟು, ಪ್ಯಾನ್ ಮತ್ತು ಆಧಾರ್ ಒದಗಿಸಿ ಖಾತೆ ತೆರೆದಿದ್ದ ಕಲ್ಯಾಣದ ಗ್ರಾಹಕ ತನ್ನ ದುಡ್ಡಿನ ಗತಿಯನ್ನು ಸಿಂಗಪುರದ ಕಾಗದಪತ್ರಗಳಲ್ಲಿ ಓದಬೇಕಾಯಿತು. 2025ರ ಜೂನಿನಲ್ಲಿ ಕೋರ್ಟು ಮೊದಲ ಯೋಜನೆಯನ್ನು ಒಪ್ಪಲಿಲ್ಲ. ಅಕ್ಟೋಬರಿನಲ್ಲಿ ತಿದ್ದಿದ ಯೋಜನೆಗೆ ಒಪ್ಪಿಗೆ ಸಿಕ್ಕಿ, 24ರಂದು ಎಕ್ಸ್‌ಚೇಂಜ್ ಮತ್ತೆ ತೆರೆಯಿತು. ಒಂದು ಪಾಲು ನಾಣ್ಯಗಳಾಗಿ ಸಿಕ್ಕಿತು, ಉಳಿದದ್ದಕ್ಕೆ ರಿಕವರಿ ಟೋಕನ್ ಎಂಬ ಭರವಸೆ.

ದಿನಾಂಕಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಹೊಟ್ಟೆ ಉರಿಯುತ್ತದೆ. ಖಾತೆಗೆ ಬೀಗ ಬಿದ್ದಾಗ ಬಿಟ್‌ಕಾಯಿನ್ 64 ಸಾವಿರ ಡಾಲರಿನ ಹತ್ತಿರವಿತ್ತು. ಬೀಗದ ಹದಿನೈದು ತಿಂಗಳಲ್ಲಿ ಅದು ಒಂದು ಲಕ್ಷ ದಾಟಿತು, 1,26,000 ಮುಟ್ಟಿತು. ಅಷ್ಟೂ ಕಾಲ ಗ್ರಾಹಕ ಮಾರಲಾಗದೆ ಕೈಕಟ್ಟಿ ಕೂತ. ಬೀಗ ತೆರೆದದ್ದು ಮಹಾಕುಸಿತ ನಡೆದು ಎರಡು ವಾರವಾದ ಮೇಲೆ, ಬೆಲೆ ತುತ್ತತುದಿಯಿಂದ ಕೆಳಗಿಳಿದಿದ್ದಾಗ. ಬೆಲೆ ಎಷ್ಟಾಗಬಹುದೆಂದು ಅವನು ಮೊದಲೇ ಸರಿಯಾಗಿ ಊಹಿಸಿದ್ದರೂ ಪ್ರಯೋಜನವಿರಲಿಲ್ಲ.

ಮರುದಿನವೇ, ಅಕ್ಟೋಬರ್ 25ರಂದು, ಮದ್ರಾಸ್ ಹೈಕೋರ್ಟ್ ಇದೇ ಎಕ್ಸ್‌ಚೇಂಜಿನ ಗ್ರಾಹಕಿಯೊಬ್ಬರ ಅರ್ಜಿಯಲ್ಲಿ ಮಹತ್ವದ ಮಾತು ಹೇಳಿತು. ಸುಮಾರು ಎರಡು ಲಕ್ಷ ರೂಪಾಯಿಗೆ ಎಕ್ಸ್‌ಆರ್‌ಪಿ ನಾಣ್ಯಗಳನ್ನು ಕೊಂಡಿದ್ದ ಅವರ ಖಾತೆಯೂ ಬೀಗ ಬಿದ್ದವುಗಳಲ್ಲಿ ಸೇರಿತ್ತು. ಕ್ರಿಪ್ಟೊ ಚಲಾವಣೆಯ ಹಣವಲ್ಲ, ಆದರೆ ಆಸ್ತಿ ಹೌದು, ಅದನ್ನು ಇನ್ನೊಬ್ಬರ ಪರವಾಗಿ ನಂಬಿಕೆಯ ಮೇಲೆ ಇಟ್ಟುಕೊಳ್ಳಬಹುದು ಎಂದು ನ್ಯಾಯಾಲಯ ಹೇಳಿತು. ಸಂಸತ್ತು ಮಾಡಬೇಕಿದ್ದ ಕೆಲಸವನ್ನು ಒಬ್ಬ ಗ್ರಾಹಕಿ ಹೈಕೋರ್ಟಿನ ಮೆಟ್ಟಿಲು ಹತ್ತಿ, ಒಂದಂಶದಷ್ಟಾದರೂ ಮಾಡಿಸಿಕೊಳ್ಳಬೇಕಾಯಿತು.

ಸಂಸತ್ತು ಮಾಡಿದ್ದೇನು? 2018ರ ಏಪ್ರಿಲಿನಲ್ಲಿ ರಿಸರ್ವ್ ಬ್ಯಾಂಕು ಕ್ರಿಪ್ಟೊ ವ್ಯವಹಾರಕ್ಕೆ ಸೇವೆ ಕೊಡಬಾರದೆಂದು ಬ್ಯಾಂಕುಗಳಿಗೆ ಸುತ್ತೋಲೆ ಹೊರಡಿಸಿತು. ಆ ವರ್ಷದ ಅಕ್ಟೋಬರಿನಲ್ಲಿ, 2013ರಲ್ಲಿ ಶುರುವಾಗಿದ್ದ ಯುನೊಕಾಯಿನ್ ಎಕ್ಸ್‌ಚೇಂಜ್ ಬೆಂಗಳೂರಿನ ಕೆಂಪ್‌ಫೋರ್ಟ್ ಮಾಲ್‌ನಲ್ಲಿ ಒಂದು ಬಿಟ್‌ಕಾಯಿನ್ ಎಟಿಎಂ ಇಟ್ಟಾಗ ಪೊಲೀಸರು ಯಂತ್ರವನ್ನು ವಶಪಡಿಸಿಕೊಂಡು ಸಂಸ್ಥಾಪಕರನ್ನು ಬಂಧಿಸಿದರು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ಆ ಸುತ್ತೋಲೆಯನ್ನು ರದ್ದು ಮಾಡಿತು. ಮರುವರ್ಷ ಕ್ರಿಕೆಟ್ ಪಂದ್ಯಗಳ ನಡುವೆ ಸಿನಿಮಾ ತಾರೆಯರು ಕ್ರಿಪ್ಟೊ ಜಾಹೀರಾತಿನಲ್ಲಿ ಕಾಣಿಸಿಕೊಂಡರು. 2021ರ ನವೆಂಬರ್ 23ರ ರಾತ್ರಿ, ಚಳಿಗಾಲದ ಅಧಿವೇಶನಕ್ಕೆ ಖಾಸಗಿ ಕ್ರಿಪ್ಟೊ ನಿಷೇಧಿಸುವ ಮಸೂದೆ ಬರಲಿದೆ ಎಂಬ ಪಟ್ಟಿ ಹೊರಬಿದ್ದದ್ದೇ ತಡ, ದೇಶದ ಎಕ್ಸ್‌ಚೇಂಜುಗಳಲ್ಲಿ ಜನ ದಿಕ್ಕೆಟ್ಟು ಮಾರಿದರು. ರೂಪಾಯಿ ಬೆಲೆ ಹೊರಗಿನ ಮಾರುಕಟ್ಟೆಗಿಂತ ಬಹಳ ಕೆಳಗೆ ಬಿತ್ತು. ಮಸೂದೆ ಮಾತ್ರ ಸದನಕ್ಕೆ ಬರಲೇ ಇಲ್ಲ. ಆ ರಾತ್ರಿ ಹೆದರಿ ಮಾರಿದವರು ಒಂದು ಪಟ್ಟಿಯ ಕಾರಣಕ್ಕೆ ನಷ್ಟ ಉಂಡರು.

ಆಮೇಲೆ ಬಂದದ್ದು ತೆರಿಗೆ. 2022ರ ಬಜೆಟ್ ಕ್ರಿಪ್ಟೊ ಲಾಭಕ್ಕೆ ಶೇ 30ರ ತೆರಿಗೆ ಹಾಕಿತು. ಆ ವರ್ಷದ ಜುಲೈ 1ರಿಂದ ಪ್ರತಿ ಮಾರಾಟದ ಮೇಲೆ ಶೇ 1ರ ಟಿಡಿಎಸ್ ಶುರುವಾಯಿತು. ಬೆಲೆ ಏರುವಾಗ ಈ ನಿಯಮದ ನಿಜವಾದ ಕಠೋರತೆ ಕಾಣಿಸುವುದಿಲ್ಲ, ಇಳಿಯುವಾಗ ಕಾಣಿಸುತ್ತದೆ. ಒಬ್ಬರಿಗೆ ಈಥರ್ ಮಾರಿದ್ದರಲ್ಲಿ 40,000 ರೂಪಾಯಿ ಲಾಭ, ಡೋಜ್‌ಕಾಯಿನ್ ಮಾರಿದ್ದರಲ್ಲಿ ಒಂದು ಲಕ್ಷ ನಷ್ಟ ಆಯಿತೆನ್ನಿ. ಒಟ್ಟು ಲೆಕ್ಕದಲ್ಲಿ ಅವರು 60,000 ಕಳೆದುಕೊಂಡರು. ಆದಾಯ ತೆರಿಗೆ ಇಲಾಖೆ ಆ ನಷ್ಟವನ್ನು ನೋಡುವುದೇ ಇಲ್ಲ. 40,000ದ ಮೇಲೆ ಶೇ 30, ಅದರ ಮೇಲೆ ಶೇ 4 ಸೆಸ್, ಒಟ್ಟು 12,480 ರೂಪಾಯಿ ಕಟ್ಟಬೇಕು. ಕೊಂಡ ಬೆಲೆಯ ಹೊರತು ಬೇರೆ ಯಾವ ಖರ್ಚನ್ನೂ ಕಳೆಯುವಂತಿಲ್ಲ. ನಷ್ಟವನ್ನು ಮುಂದಿನ ವರ್ಷಕ್ಕೆ ಒಯ್ಯುವಂತೆಯೂ ಇಲ್ಲ. ಷೇರಿನಲ್ಲಾದ ನಷ್ಟವನ್ನಾದರೆ ಎಂಟು ವರ್ಷದವರೆಗೆ ಒಯ್ಯಬಹುದು.

ಸಂಸತ್ತಿಗೆ ಸರ್ಕಾರವೇ ಕೊಟ್ಟ ಲೆಕ್ಕದಂತೆ 2024–25ರಲ್ಲಿ ಈ ಟಿಡಿಎಸ್‌ನಿಂದ ಸುಮಾರು 512 ಕೋಟಿ ರೂಪಾಯಿ ಬಂದಿದೆ. ಅದರಲ್ಲಿ ಅರ್ಧಕ್ಕೂ ಹೆಚ್ಚು ಮಹಾರಾಷ್ಟ್ರದ್ದು, ಎರಡನೆಯ ಸ್ಥಾನ ಕರ್ನಾಟಕದ್ದು. ಶೇ 1ರಿಂದ ಇಷ್ಟು ಬಂದಿದೆಯೆಂದರೆ ಐವತ್ತು ಸಾವಿರ ಕೋಟಿಗೂ ಮಿಕ್ಕ ಮಾರಾಟವನ್ನು ಸರ್ಕಾರ ಪ್ಯಾನ್ ಸಂಖ್ಯೆ ಸಮೇತ ಕಂಡಿದೆ. ಇಷ್ಟೆಲ್ಲ ಕಾಣುವ ಸರ್ಕಾರ, ಆ ನಾಣ್ಯಗಳನ್ನು ಎಕ್ಸ್‌ಚೇಂಜ್ ಎಲ್ಲಿಟ್ಟಿದೆ, ತನ್ನ ಸ್ವಂತದ ಜೊತೆ ಬೆರೆಸಿದೆಯೇ ಎಂದು ಕೇಳುವ ಕಾನೂನನ್ನು ಮಾಡಿಲ್ಲ. 2023ರ ಮಾರ್ಚಿನಿಂದ ಎಕ್ಸ್‌ಚೇಂಜುಗಳು ಹಣಕಾಸು ಗುಪ್ತಚರ ಘಟಕದಲ್ಲಿ (ಎಫ್‌ಐಯು) ನೋಂದಾಯಿಸಿಕೊಳ್ಳಬೇಕು, ನಿಜ. ಅದು ಕಪ್ಪುಹಣ ತಡೆಯಲು ಮಾಡಿದ ನಿಯಮ. ಗ್ರಾಹಕನ ದುಡ್ಡಿಗೆ ಅದು ಭದ್ರತೆಯಲ್ಲ. ಜಾಹೀರಾತಿನಲ್ಲಿ "ಎಫ್‌ಐಯು ನೋಂದಾಯಿತ" ಎಂದು ಓದಿ ಧೈರ್ಯ ತಂದುಕೊಂಡವರು ಈ ವ್ಯತ್ಯಾಸವನ್ನು ತಿಳಿದಿರಬೇಕು.

ಜನರ ದುಡ್ಡನ್ನು ಕಾಯುವುದು ನಮ್ಮ ಸರ್ಕಾರಕ್ಕೆ ಬಾರದ ವಿದ್ಯೆಯಲ್ಲ. 2019ರ ಸೆಪ್ಟೆಂಬರಿನಲ್ಲಿ ಪಿಎಂಸಿ ಬ್ಯಾಂಕಿನ ಮೇಲೆ ನಿರ್ಬಂಧ ಬಿದ್ದಾಗ ಠೇವಣಿದಾರರಿಗೆ ಮೊದಲು ಸಿಕ್ಕಿದ್ದು ಆರು ತಿಂಗಳಿಗೆ ಒಂದು ಸಾವಿರ ರೂಪಾಯಿ ತೆಗೆಯುವ ಅನುಮತಿ. ಮುಂಬೈ, ಠಾಣೆಯ ಸಾವಿರಾರು ಮನೆಗಳು ಅಲ್ಲಾಡಿಹೋದವು. ಅವರು ಬೀದಿಗಿಳಿದ ಮೇಲೆ 2020ರ ಫೆಬ್ರುವರಿಯಲ್ಲಿ ಠೇವಣಿ ವಿಮೆ ಒಂದು ಲಕ್ಷದಿಂದ ಐದು ಲಕ್ಷಕ್ಕೇರಿತು. ಮರುವರ್ಷ ವಿಮೆಯ ಹಣವನ್ನು 90 ದಿನದೊಳಗೆ ಕೊಡಬೇಕೆಂದು ಕಾನೂನು ತಿದ್ದುಪಡಿಯಾಯಿತು. 2025ರ ಫೆಬ್ರುವರಿಯಲ್ಲಿ ನ್ಯೂ ಇಂಡಿಯಾ ಕೋ-ಆಪರೇಟಿವ್ ಬ್ಯಾಂಕ್ ತೊಂದರೆಗೆ ಸಿಕ್ಕಾಗ ಆ ತಿದ್ದುಪಡಿ ಸಣ್ಣ ಠೇವಣಿದಾರರ ಆಸರೆಗೆ ಇತ್ತು.

ಕ್ರಿಪ್ಟೊಗೆ ಸರ್ಕಾರಿ ವಿಮೆ ಕೊಡಿ ಎಂಬ ವಾದ ಇಲ್ಲಿಲ್ಲ. ಬೆಲೆ ಬಿದ್ದರೆ ಕೊಂಡವನೇ ಹೊರಬೇಕು. ಆದರೆ ಬೆಲೆ ಬೀಳುವುದು ಬೇರೆ, ಇಟ್ಟ ನಾಣ್ಯ ಮಾಯವಾಗುವುದು ಬೇರೆ. ಜಪಾನ್ ಈ ಎರಡನ್ನು ಬೇರ್ಪಡಿಸಿತು. 2014ರಲ್ಲಿ ಟೋಕಿಯೊದ ಮೌಂಟ್ ಗಾಕ್ಸ್ ಎಕ್ಸ್‌ಚೇಂಜ್ ಮುಳುಗಿತು. 2017ರಲ್ಲಿ ಎಕ್ಸ್‌ಚೇಂಜುಗಳ ನೋಂದಣಿಗೆ ಕಾನೂನು ಬಂತು. 2018ರ ಜನವರಿಯಲ್ಲಿ ಕಾಯಿನ್‌ಚೆಕ್‌ನಿಂದ 50 ಕೋಟಿ ಡಾಲರಿಗೂ ಹೆಚ್ಚಿನ ನಾಣ್ಯ ಕಳವಾದ ಬಳಿಕ ನಿಯಮಗಳು ಇನ್ನಷ್ಟು ಬಿಗಿಯಾದವು. ಗ್ರಾಹಕರ ಆಸ್ತಿ ಕಂಪನಿಯದರಿಂದ ಪ್ರತ್ಯೇಕವಾಗಿರಬೇಕು, ಅದರ ಬಹುಪಾಲು ಇಂಟರ್‌ನೆಟ್ಟಿಗೆ ಜೋಡಿಸದ ವ್ಯಾಲೆಟ್‌ಗಳಲ್ಲಿ ಇರಬೇಕು. ಇದರ ಫಲ ಕಂಡದ್ದು ಎಫ್‌ಟಿಎಕ್ಸ್ ದಿವಾಳಿಯಾದಾಗ. ಜಗತ್ತಿನ ಉಳಿದೆಡೆಯ ಗ್ರಾಹಕರು ಅಮೆರಿಕದ ದಿವಾಳಿ ನ್ಯಾಯಾಲಯದ ಮುಂದೆ ಕಾಯುತ್ತಿದ್ದಾಗ, ಎಫ್‌ಟಿಎಕ್ಸ್ ಜಪಾನಿನ ಗ್ರಾಹಕರು 2023ರ ಫೆಬ್ರುವರಿಯಲ್ಲೇ ತಮ್ಮದನ್ನು ಹಿಂತೆಗೆದುಕೊಳ್ಳತೊಡಗಿದರು. ಕಂಪನಿ ಅದೇ, ವ್ಯತ್ಯಾಸ ಮಾಡಿದ್ದು ದೇಶದ ಕಾನೂನು.

"ಜನ ಬಳಸುತ್ತಿದ್ದಾರೆ, ಹಾಗಾಗಿ ಬೆಲೆ ಬಂದೇ ಬರುತ್ತದೆ" ಎಂಬ ವಾದವನ್ನೂ ನೋಡಬೇಕು. ಚೈನಾಲಿಸಿಸ್ ಸಂಸ್ಥೆಯ ಕ್ರಿಪ್ಟೊ ಬಳಕೆಯ ಜಾಗತಿಕ ಪಟ್ಟಿಯಲ್ಲಿ 2023ರಿಂದ ಸತತ ಮೂರು ವರ್ಷ ಭಾರತ ಮೊದಲ ಸ್ಥಾನದಲ್ಲಿತ್ತು. ಎಕ್ಸ್‌ಚೇಂಜುಗಳು ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತವೆ. ಆದರೆ ಆ ಪಟ್ಟಿ ಅಳೆಯುವುದು ನಾಣ್ಯಗಳ ಹರಿವನ್ನು. ಟಿಟ್ವಾಳಾ ಸ್ಟೇಷನ್ನಿನ ಹೊರಗಿನ ವಡಾಪಾವ್ ಗಾಡಿಯಲ್ಲೂ ಯುಪಿಐ ಕ್ಯೂಆರ್ ಅಂಟಿಸಿದೆ. ಹದಿನೈದು ರೂಪಾಯಿ ಕೊಡಲು ಯಾರಿಗೂ ಬಿಟ್‌ಕಾಯಿನ್ ಬೇಕಿಲ್ಲ. 2021ರ ಸೆಪ್ಟೆಂಬರಿನಲ್ಲಿ ಬಿಟ್‌ಕಾಯಿನ್ನನ್ನು ಅಧಿಕೃತ ಹಣವೆಂದು ಘೋಷಿಸಿದ್ದ ಎಲ್ ಸಾಲ್ವಡಾರ್ ಕೂಡ ಐಎಂಎಫ್ ಸಾಲದ ಒಪ್ಪಂದದ ನಂತರ, 2025ರ ಜನವರಿಯಲ್ಲಿ ಅಂಗಡಿಗಳು ಅದನ್ನು ಸ್ವೀಕರಿಸಲೇಬೇಕೆಂಬ ಕಡ್ಡಾಯವನ್ನು ತೆಗೆದುಹಾಕಿತು. ನಿಜವಾದ ಉಪಯೋಗ ಕಾಣುವ ಒಂದು ಜಾಗ ಗಡಿ ದಾಟುವ ಹಣದ ದಾರಿ. ದುಬೈ, ಕುವೈತಿನಲ್ಲಿ ದುಡಿಯುವ ಕರಾವಳಿಯವರು ಮನೆಗೆ ಹಣ ಕಳಿಸುವಾಗ ಕಮಿಷನ್ನಿಗೂ ವಿನಿಮಯ ದರಕ್ಕೂ ತೆರುವುದು ಸಣ್ಣ ಮೊತ್ತವಲ್ಲ. ಡಾಲರಿಗೆ ಕಟ್ಟಿಹಾಕಿದ ಸ್ಟೇಬಲ್‌ಕಾಯಿನ್‌ಗಳು ಅಲ್ಲಿ ನಿಜಕ್ಕೂ ನೆರವಾಗಬಹುದು. ಆದರೆ ಅವುಗಳ ಬೆಲೆ ಏರುವುದಿಲ್ಲ, ಏರಬಾರದು ಕೂಡ. ಆ ಉಪಯೋಗ ಬೆಳೆದರೂ ಮಗನ ಶಿಬಾ ಇನು ಮೇಲೇಳಬೇಕೆಂದಿಲ್ಲ.

ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿದಾಗ ದಿನಕ್ಕೆ ಎರಡಾಣೆಯನ್ನೂ ಏಜೆಂಟು ಮನೆಬಾಗಿಲಿಗೆ ಬಂದು ಪಡೆದು ಪುಸ್ತಕದಲ್ಲಿ ಬರೆಯುತ್ತಿದ್ದ. 1978ರಲ್ಲಿ ಮುಂಬೈಯ ಬಿಲ್ಲವರ ಅಸೋಸಿಯೇಷನ್ ಕಟ್ಟಿದ ಭಾರತ್ ಕೋ-ಆಪರೇಟಿವ್ ಬ್ಯಾಂಕಿನಂಥವು ಇದೇ ಸಂಸ್ಕಾರದಿಂದ ಬೆಳೆದವು. ದೂರು ಹೇಳಲು ಒಂದು ಬಾಗಿಲು, ಹೆಸರು ಹಿಡಿದು ಕೇಳಬಹುದಾದ ಒಬ್ಬ ಮನುಷ್ಯ ಅಲ್ಲಿರುತ್ತಿದ್ದ. ಕ್ರಿಪ್ಟೊ ಆ್ಯಪಿನಲ್ಲಿ ಎರಡೂ ಇಲ್ಲ. ಹಾಗಾಗಿ ಅದಕ್ಕೆ ಹಾಕಿದ ದುಡ್ಡನ್ನು ಉಳಿತಾಯವೆಂದು ಮನೆಯ ಲೆಕ್ಕದಲ್ಲಿ ಬರೆಯಬಾರದು. ಮಗಳ ಫೀಸು, ಮನೆ ಸಾಲದ ಕಂತಿನ ದುಡ್ಡು ಅತ್ತ ಹೋಗಲೇಬಾರದು. ಕಳೆದರೂ ತಿಂಗಳು ನಿಲ್ಲದಷ್ಟನ್ನು ಹಾಕುವವರು ಹಾಕಲಿ, ಅದು ಅವರ ಹಕ್ಕು.

ಈಗಾಗಲೇ ಹಾಕಿದವರು ಬೆಲೆ ಇಳಿದ ಹೊತ್ತಿನಲ್ಲಿ ಮಾಡಬಹುದಾದ ಕೆಲಸಗಳಿವೆ. ಆ್ಯಪಿನಿಂದ ಸಣ್ಣ ಮೊತ್ತವನ್ನು ಬ್ಯಾಂಕಿಗೆ ತೆಗೆದು ನೋಡಬೇಕು. ನಾಣ್ಯವನ್ನು ಸ್ವಂತ ವ್ಯಾಲೆಟ್ಟಿಗೆ ಕಳಿಸಲು ಆ ಎಕ್ಸ್‌ಚೇಂಜ್ ಬಿಡುತ್ತದೆಯೇ ಎಂದು ಪರೀಕ್ಷಿಸಬೇಕು. ಕೊಂಡ, ಮಾರಿದ ಪ್ರತಿಯೊಂದರ ದಾಖಲೆ ಇಳಿಸಿಟ್ಟುಕೊಂಡು ಆದಾಯ ತೆರಿಗೆ ರಿಟರ್ನಿನ ವಿಡಿಎ (ವರ್ಚುವಲ್ ಡಿಜಿಟಲ್ ಅಸೆಟ್) ಷೆಡ್ಯೂಲಿನಲ್ಲಿ ತುಂಬಬೇಕು. ಕಡಿತವಾದ ಟಿಡಿಎಸ್ ಅಲ್ಲಿ ಲೆಕ್ಕಕ್ಕೆ ಬರುತ್ತದೆ, ಹೆಚ್ಚಾದರೆ ವಾಪಸ್ಸೂ ಬರುತ್ತದೆ. ಸಣ್ಣ ಮೊತ್ತವೆಂದು ಇದನ್ನು ಬಿಟ್ಟವರಿಗೆ ಮುಂದೆ ನೋಟಿಸು ಬರಬಹುದು, ಏಕೆಂದರೆ ಇಲಾಖೆಯ ಬಳಿ ಆ ಲೆಕ್ಕ ಆಗಲೇ ಇದೆ. ಡೊಂಬಿವಲಿ ಕರ್ನಾಟಕ ಸಂಘದಂಥ ಸಂಸ್ಥೆಗಳು ಜೂನ್, ಜುಲೈಯಲ್ಲಿ ಒಂದು ಭಾನುವಾರ ಕನ್ನಡ ಬಲ್ಲ ಚಾರ್ಟರ್ಡ್ ಅಕೌಂಟೆಂಟ್ ಒಬ್ಬರನ್ನು ಕೂರಿಸಿ ಈ ಷೆಡ್ಯೂಲನ್ನು ತುಂಬಿಸಿಕೊಟ್ಟರೆ ಕಲ್ಯಾಣದಿಂದ ಟಿಟ್ವಾಳಾದವರೆಗಿನ ಹಲವು ಮನೆಗಳಿಗೆ ನೆರವಾಗುತ್ತದೆ. ಅದೇ ಸಭೆಯಿಂದ ಹಣಕಾಸು ಸಚಿವಾಲಯಕ್ಕೆ ಒಂದು ಮನವಿಯೂ ಹೋಗಬೇಕು. ಕ್ರಿಪ್ಟೊ ನಷ್ಟವನ್ನು ಕ್ರಿಪ್ಟೊ ಲಾಭದಿಂದಲಾದರೂ ಕಳೆಯಲು ಬಿಡಿ, ಗ್ರಾಹಕರ ನಾಣ್ಯಗಳನ್ನು ಪ್ರತ್ಯೇಕವಾಗಿಟ್ಟು ಅದರ ಆಡಿಟ್ ಪ್ರಕಟಿಸುವುದನ್ನು ಕಡ್ಡಾಯ ಮಾಡಿ, ಭಾರತೀಯರಿಂದ ರೂಪಾಯಿ ಪಡೆದ ಎಕ್ಸ್‌ಚೇಂಜ್ ಕೈಯೆತ್ತಿದರೆ ಅದರ ವಿಚಾರಣೆ ಭಾರತದ ನ್ಯಾಯಾಲಯದಲ್ಲೇ ನಡೆಯುವಂತೆ ಕಾನೂನು ತನ್ನಿ ಎಂದು.